ಹೊಂದಿಸಿ ಬರೆಯಿರಿ

ಎಡಗಡೆ ಹುಲ್ಲುಗಾವಲುಗಳು: ಪ್ರೈರಿ, ಪಂಪಾಸ್, ಸ್ಟೆಪ್ಪಿ, ವೆಲ್ಡ್, ಡೌನ್ಸ್. ಬಲಗಡೆ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯ, ಉತ್ತರ ಅಮೆರಿಕ, ಯುರೇಷ್ಯ, ದಕ್ಷಿಣ ಅಮೆರಿಕ. ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟ ನಾನು ಈ ಐದು ಗೆರೆಗಳನ್ನು ಎಷ್ಟು ಸಾವಿರ ಉತ್ತರ ಪತ್ರಿಕೆಗಳಲ್ಲಿ ನೋಡಿ ಸರಿ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಫೇಲಾಗುವ ಮಕ್ಕಳನ್ನೂ ದಡ ಸೇರಿಸುವ ಪ್ರಶ್ನೆ ಅದು. ಅದರ ಜೊತೆಗೆ ಇನ್ನೊಂದು ಸಾಲನ್ನೂ ಬಾಯಿಪಾಠ ಮಾಡಿಸುತ್ತಿದ್ದೆ: ಪ್ರೈರಿಗಳು ಪ್ರಪಂಚದ ಗೋಧಿಯ ಕಣಜ. ಮಕ್ಕಳು ಅದನ್ನು ಪದ್ಯದ ಹಾಗೆ ರಾಗವಾಗಿ ಹೇಳುತ್ತಿದ್ದರು, ನಾನೂ ಬೆತ್ತದಿಂದ ಮೇಜಿನ ಮೇಲೆ ತಾಳ ಹಾಕುತ್ತಿದ್ದೆ.

ನಿವೃತ್ತಿಯ ನಂತರ ಮಗಳ ಬಾಣಂತನಕ್ಕೆಂದು ಶಿಕಾಗೋ ಪಕ್ಕದ ನೇಪರ್‌ವಿಲ್‌ಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಇಲಿನಾಯ್ ರಾಜ್ಯಕ್ಕೆ ಪ್ರೈರಿ ರಾಜ್ಯವೆಂದೇ ಅಡ್ಡಹೆಸರು. ಅಲ್ಲಿ ಬೆಳಗ್ಗೆ ಸಂಜೆ ನಡೆದಾಡಿದ ಜಾಗದಿಂದ ಒಂದು ಕಿರಿಕಿರಿಯನ್ನು ಕಟ್ಟಿಕೊಂಡು ಬಂದಿದ್ದೇನೆ. ಗೋಧಿಯದೋ ಮೆಕ್ಕೆಜೋಳದದೋ, ಕಣಜವಾದ ಹೊತ್ತಿಗೆ ಪ್ರೈರಿ ಸತ್ತಿರುತ್ತದೆ. ಸತ್ತವರ ಹೆಸರನ್ನು ಖಂಡದ ಹೆಸರಿಗೆ ಗೆರೆ ಎಳೆದು ಸೇರಿಸಿದ್ದಕ್ಕೆ ನಾನು ಐದು ಅಂಕ ಕೊಟ್ಟಿದ್ದೆ. ಅದಾದರೂ ಹೋಗಲಿ, ಪುಸ್ತಕದ ತಪ್ಪು ಎನ್ನಬಹುದು. ಅಂಕ ಕಳೆದ ಒಂದು ಉತ್ತರದ ನೆನಪೇ ಹೆಚ್ಚು ಕಾಡುತ್ತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಡಿಲ್ಲದ ಕಾಡು

ಮಗಳ ಮನೆಯಿಂದ ಹತ್ತು ನಿಮಿಷ ನಡೆದರೆ ಸ್ಪ್ರಿಂಗ್‌ಬ್ರೂಕ್ ಪ್ರೈರಿ. 1,800 ಎಕರೆಗೂ ಹೆಚ್ಚಿನ ಜಾಗ, ಸುತ್ತಲೂ ಒಂದೇ ಅಚ್ಚಿನಲ್ಲಿ ತೆಗೆದಂಥ ಮನೆಗಳ ಸಾಲು. ನಡುವೆ ಒಂದು ಹಳ್ಳ, ಅಲ್ಲಲ್ಲಿ ಜೌಗು, ಸುತ್ತಿ ಬರಲು ಸುಣ್ಣದ ಕಲ್ಲಿನ ಪುಡಿ ಹಾಸಿದ ದಾರಿ. ನನ್ನ ಮಂಡಿಯ ವೇಗಕ್ಕೆ ದೊಡ್ಡ ಸುತ್ತು ಎರಡೂವರೆ ಗಂಟೆಯ ಕೆಲಸ. ನಾನು ಹೋದದ್ದು ಮಾರ್ಚ್ ಕೊನೆಯ ವಾರ. ಅಳಿಯ ಮೊದಲ ದಿನ ಅಲ್ಲಿಗೆ ಕರೆದುಕೊಂಡು ಹೋಗಿ, ‘ನೋಡಿ ಅತ್ತೆ, ನಮ್ಮ ಮನೆಯ ಹಿತ್ತಲು’ ಎಂದು ಹೆಮ್ಮೆಯಿಂದ ಕೈ ಚಾಚಿದ. ಮಂಜು ಕರಗಿ ನೆಲಕ್ಕೆ ಒರಗಿದ ಒಣಹುಲ್ಲು, ಬೂದಿಬಣ್ಣದ ಆಕಾಶ, ಮುಖಕ್ಕೆ ಹೊಡೆಯುವ ಗಾಳಿ. ದೂರದಲ್ಲೊಬ್ಬ ಮುದುಕ ಆಟಿಕೆಯ ವಿಮಾನ ಹಾರಿಸುತ್ತಿದ್ದ. ಅದಕ್ಕೂ ಅಲ್ಲೊಂದು ಮೈದಾನ ಬಿಟ್ಟಿದ್ದಾರೆ.

‘ಇಲ್ಲಿ ಏನೂ ಇಲ್ಲವಲ್ಲಪ್ಪ’ ಎಂದೆ.

ಫಲಕ ಓದಿದರೆ ಇನ್ನೂ ತಮಾಷೆ. ಸ್ಪ್ರಿಂಗ್‌ಬ್ರೂಕ್ ಪ್ರೈರಿ ಫಾರೆಸ್ಟ್ ಪ್ರಿಸರ್ವ್ ಎಂದು ಬರೆದಿತ್ತು. ಫಾರೆಸ್ಟ್ ಎಲ್ಲಿ ಎಂದು ಕೇಳಿದೆ. ಆ ಜಿಲ್ಲೆಯ ಇಂಥ ಜಾಗಗಳನ್ನೆಲ್ಲ ನೋಡಿಕೊಳ್ಳುವ ಇಲಾಖೆಯ ಹೆಸರೇ ಅದಂತೆ. ಹುಲ್ಲು ಕಾಯುವುದಕ್ಕೂ ಕಾಡಿನ ಹೆಸರು ಹಾಕಿಕೊಳ್ಳಬೇಕಾದ ಪಾಡು ಅಮೆರಿಕದಲ್ಲೂ ಇದೆ ಎಂದು ತಿಳಿದು ಒಂದು ಬಗೆಯ ಸಮಾಧಾನವಾಯಿತು. ನಮ್ಮಲ್ಲೂ ಮರವಿದ್ದರೆ ಮರ್ಯಾದೆ. ಮರವಿಲ್ಲದ ನೆಲಕ್ಕೆ ನಮ್ಮ ಭಾಷೆಯಲ್ಲಿರುವ ಹೆಸರುಗಳನ್ನು ನೋಡಿ: ಬೀಳು, ಪಾಳು, ಬಂಜರು, ಬಯಲು. ಒಂದಾದರೂ ಅಲ್ಲಿ ಏನಿದೆ ಎಂದು ಹೇಳುವುದಿಲ್ಲ. ‘ಕಾವಲು’ ಎಂಬ ಒಳ್ಳೆಯ ಮಾತೂ ಇದೆಯಾದರೂ ಅದು ಕಾಯುವವನ ಸುದ್ದಿ ಹೇಳುತ್ತದೆಯೇ ಹೊರತು ಹುಲ್ಲಿನದ್ದಲ್ಲ.

ಈ ಪ್ರದೇಶಕ್ಕೆ ಮೊದಲು ಬಂದ ಬಿಳಿಯ ರೈತರೂ ನನ್ನ ಹಾಗೇ ಯೋಚಿಸಿದ್ದರಂತೆ. ಮರ ಬೆಳೆಯದ ನೆಲದಲ್ಲಿ ಪೈರೇನು ಬೆಳೆದೀತು ಎಂದು ಹೊಳೆದಂಡೆಯ ಮರಗಳ ಅಂಚಿಗೇ ಗುಡಿಸಲು ಕಟ್ಟಿಕೊಂಡು ಕೂತರು. ಬಯಲಿಗೆ ಇಳಿದವರಿಗೆ ಎರಡು ಕಷ್ಟ. ಒಂದು ಕೆಸರು, ಅದರ ಸೊಳ್ಳೆ, ಅದರಿಂದ ಬರುವ ಚಳಿಜ್ವರ. ಇನ್ನೊಂದು ಬೇರು. ಆಳೆತ್ತರದ ಹುಲ್ಲಿನ ಅಡಿಯಲ್ಲಿ ಅದಕ್ಕೂ ಆಳಕ್ಕೆ ಹೆಣೆದುಕೊಂಡ ಬೇರಿನ ಚಾಪೆ. ಎರಕದ ಕಬ್ಬಿಣದ ನೇಗಿಲಿಗೆ ಆ ಕಪ್ಪು ಮಣ್ಣು ಮೆತ್ತಿಕೊಂಡು ನಾಲ್ಕು ಹೆಜ್ಜೆಗೊಮ್ಮೆ ಕೆರೆಯಬೇಕಾಗುತ್ತಿತ್ತು. 1837ರಲ್ಲಿ ಇದೇ ಇಲಿನಾಯ್‌ನ ಗ್ರ್ಯಾಂಡ್ ಡಿಟೂರ್ ಎಂಬ ಹಳ್ಳಿಯಲ್ಲಿ ಜಾನ್ ಡಿಯರ್ ಎಂಬ ಕಮ್ಮಾರ ನಯವಾದ ಉಕ್ಕಿನ ನೇಗಿಲು ಮಾಡಿದ. ಮಣ್ಣು ತಾನಾಗಿ ಜಾರಿಬಿತ್ತು. ನಮ್ಮೂರ ಹೊಲಗಳಲ್ಲಿ ಹಸಿರು ಬಣ್ಣದ ಟ್ರ್ಯಾಕ್ಟರಿನ ಮೇಲೆ ಇರುವುದು ಇವನದೇ ಹೆಸರು. ಆಮೇಲೆ ಹೊಲದಡಿಯಲ್ಲಿ ಸುಟ್ಟಮಣ್ಣಿನ ಕೊಳವೆಗಳನ್ನು ಹೂತು ಜೌಗಿನ ನೀರನ್ನು ಹಳ್ಳಕ್ಕೆ ಬಸಿದುಬಿಟ್ಟರು. ಒಂದು ಕಾಲಕ್ಕೆ ಇಲಿನಾಯ್‌ನಲ್ಲಿ ಸುಮಾರು 2.2 ಕೋಟಿ ಎಕರೆ ಪ್ರೈರಿ ಇತ್ತು. ನೇಗಿಲು ಕಾಣದೆ ಉಳಿದ ಒಳ್ಳೆಯ ಪ್ರೈರಿ ಈಗ ಸುಮಾರು ಎರಡೂವರೆ ಸಾವಿರ ಎಕರೆ. ಹತ್ತು ಸಾವಿರಕ್ಕೆ ಒಂದು ಎಂದು ಲೆಕ್ಕ ಹಾಕಿಕೊಳ್ಳಿ. ಸ್ಪ್ರಿಂಗ್‌ಬ್ರೂಕ್ ಆ ಒಂದರಲ್ಲಿ ಸೇರಿದ್ದಲ್ಲ. ಅದೂ ಹೊಲವಾಗಿದ್ದದ್ದು, ಕೊಂಡು, ಬೀಜ ಹಾಕಿ, ಮತ್ತೆ ಹುಲ್ಲು ಮಾಡಿದ್ದು.

ಬೆಂಕಿ

ಏಪ್ರಿಲ್ ಮೊದಲ ವಾರ, ಮಗಳಿಗೆ ದಿನ ತುಂಬಿತ್ತು. ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಕಿಟಕಿಯಿಂದ ನೋಡಿದರೆ ಪ್ರೈರಿಯ ಕಡೆಯಿಂದ ಹೊಗೆ. ಸಣ್ಣ ಹೊಗೆಯಲ್ಲ, ಆಕಾಶಕ್ಕೆ ಗೋಡೆ ಎದ್ದ ಹಾಗೆ. ‘ಬೆಂಕಿ ಬಿದ್ದಿದೆ, ಫೋನ್ ಮಾಡು’ ಎಂದು ಕೂಗಿದೆ. ಮಗಳು ಸೋಫಾದಿಂದ ಏಳಲೂ ಇಲ್ಲ. ‘ಅವರೇ ಹಚ್ಚಿದ್ದಮ್ಮ, ಪ್ರತಿವರ್ಷ ಎಲ್ಲೋ ಒಂದು ಕಡೆ ಹಚ್ಚುತ್ತಾರೆ’ ಎಂದಳು.

ನಾನು ಸ್ವೆಟರ್ ಹಾಕಿಕೊಂಡು ಹೊರಟೆ. ಸುಳ್ಳೇಕೆ, ಒಲೆ ಆರಿಸಿದೆನೋ ಇಲ್ಲವೋ ಎಂಬುದೂ ನೆನಪಿರಲಿಲ್ಲ. ದಾರಿ ಮುಚ್ಚಿ ಫಲಕ ನೆಟ್ಟಿದ್ದರು. ಅದರ ಈಚೆ ಹತ್ತಿಪ್ಪತ್ತು ಜನ ನಿಂತಿದ್ದರು, ಹೆಗಲ ಮೇಲೆ ಮಕ್ಕಳನ್ನು ಕೂರಿಸಿಕೊಂಡವರೂ ಇದ್ದರು. ಹಳದಿ ಬಟ್ಟೆಯ ಗಂಡಸರು ಹೆಂಗಸರು, ಬೆನ್ನಿಗೆ ನೀರಿನ ಡಬ್ಬಿ ಕಟ್ಟಿಕೊಂಡವರು ಕೆಲವರು. ಕೈಯಲ್ಲಿ ಮೂತಿಯಿಂದ ಬೆಂಕಿ ತೊಟ್ಟಿಕ್ಕುವ ಡಬ್ಬ ಹಿಡಿದ ಒಬ್ಬಳು ಹೂಗಿಡಕ್ಕೆ ನೀರು ಹಾಕುವಷ್ಟು ನಿಧಾನವಾಗಿ ಹುಲ್ಲಿನ ಅಂಚಿನಲ್ಲಿ ನಡೆದುಹೋದಳು. ಮೊದಲು ಗಾಳಿಗೆ ಎದುರಾಗಿ ಹಚ್ಚುತ್ತಾರೆ. ಆ ಬೆಂಕಿ ಗಾಳಿಯನ್ನು ದೂಡಿಕೊಂಡು ನಿಧಾನವಾಗಿ ಹಿಂದಕ್ಕೆ ತೆವಳಿ ಅಗಲವಾದ ಕಪ್ಪು ಪಟ್ಟಿ ಬಿಡುತ್ತದೆ. ಆಮೇಲೆ ಇನ್ನೊಂದು ಬದಿಯಿಂದ ಗಾಳಿಯ ಜೊತೆಗೆ ಹಚ್ಚುತ್ತಾರೆ. ಅದು ಓಡುತ್ತದೆ. ಮಳೆ ಹೆಂಚಿನ ಮೇಲೆ ಬಿದ್ದ ಹಾಗೆ ಸದ್ದು ಮಾಡುತ್ತಾ ಓಡಿ ಬಂದು, ಕಪ್ಪು ಪಟ್ಟಿ ಮುಟ್ಟಿ, ತಿನ್ನಲು ಏನೂ ಇಲ್ಲದೆ ಕೂತುಬಿಡುತ್ತದೆ. ಎಲ್ಲ ಸೇರಿ ಅರ್ಧ ಗಂಟೆಯೂ ಆಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಹೆಂಗಸೊಬ್ಬಳು ನನ್ನ ಮುಖದ ಗಾಬರಿ ನೋಡಿ ತಾನಾಗಿಯೇ ವಿವರಿಸತೊಡಗಿದಳು. ಹುಲ್ಲಿನ ಜೀವ ನೆಲದೊಳಗೆ ಇರುತ್ತದೆ, ಸುಡುವುದು ಅದರ ಕಳೆದ ವರ್ಷದ ಅಂಗಿ ಮಾತ್ರ. ಸಾಯುವವು ಬೇಲಿಗೆಂದು ಯುರೋಪಿನಿಂದ ತಂದು ನೆಟ್ಟ ಬಕ್‌ಥಾರ್ನ್‌ನಂಥ ಪೊದೆಗಳು, ಎಳೆಯ ಮರಗಳು. ಇಲ್ಲಿ ಮಳೆ ಚೆನ್ನಾಗಿಯೇ ಬರುತ್ತದೆ, ಬೆಂಕಿ ನಿಲ್ಲಿಸಿದರೆ ಕೆಲವೇ ವರ್ಷಗಳಲ್ಲಿ ಪೊದೆ ನುಗ್ಗಿ ಹುಲ್ಲನ್ನು ಮುಚ್ಚುತ್ತದೆ. ಇದು ಇವರು ಕಂಡುಹಿಡಿದ ವಿದ್ಯೆಯೂ ಅಲ್ಲ. ಇಲ್ಲಿದ್ದ ಪಟವಾಟಮಿ ಎಂಬ ಮೂಲನಿವಾಸಿ ಜನ ತಲೆತಲಾಂತರದಿಂದ ಹಚ್ಚುತ್ತಿದ್ದರು. 1833ರ ಶಿಕಾಗೋ ಒಪ್ಪಂದದಲ್ಲಿ ಅವರ ನೆಲ ಬರೆಸಿಕೊಂಡು ಅವರನ್ನು ಪಶ್ಚಿಮಕ್ಕೆ ಸಾಗಹಾಕಿದರು. ಹಚ್ಚುವವರನ್ನು ಓಡಿಸಿ, ಹಚ್ಚುವುದನ್ನು ಅಪರಾಧವೆಂದು ಎಣಿಸಿ, ನೂರಿಪ್ಪತ್ತು ನೂರೈವತ್ತು ವರ್ಷದ ಮೇಲೆ ಹಳದಿ ಬಟ್ಟೆ ತೊಟ್ಟು ಗಾಳಿಯ ದಿಕ್ಕು ಅಳೆದು ಮತ್ತೆ ಹಚ್ಚುತ್ತಿದ್ದಾರೆ.

ನನಗೆ ಅಲ್ಲಿ ನಿಂತೇ ಹೊಟ್ಟೆಯಲ್ಲಿ ಒಂದು ಸಂಕಟ ಶುರುವಾಯಿತು. ನಮ್ಮ ಕಡೆಯ ಕುರಿಗಾಹಿಗಳು ಮುಂಗಾರಿಗೆ ಮುಂಚೆ ಒಣ ಕರಡಕ್ಕೆ ಕಡ್ಡಿ ಗೀರುತ್ತಿದ್ದರು. ಮೊದಲ ಮಳೆಗೆ ಬರುವ ಹಸಿ ಚಿಗುರು ಮರಿಗಳಿಗೆ ಎಂದು. ನಾನು ಅವರ ಮಕ್ಕಳನ್ನು ಪ್ರಾರ್ಥನೆಯ ಸಾಲಿನಲ್ಲಿ ನಿಲ್ಲಿಸಿ, ಕಾಡ್ಗಿಚ್ಚಿನ ಅನಾಹುತದ ಬಗ್ಗೆ ಭಾಷಣ ಬಿಗಿದಿದ್ದೇನೆ. ಕಂಡಕಂಡಲ್ಲಿ ಹಚ್ಚುವುದೆಲ್ಲ ಒಳ್ಳೆಯದು ಎಂದು ನಾನು ಈಗಲೂ ಹೇಳುವುದಿಲ್ಲ. ಪ್ರತಿವರ್ಷ ಒಂದೇ ಜಾಗ ಸುಟ್ಟರೆ ಅದರ ಕಥೆ ಬೇರೆ, ಕಾಡಿನ ಕಥೆ ಪೂರ್ತಿ ಬೇರೆ. ಆದರೆ ಯಾಕೆ ಹಚ್ಚುತ್ತೀರಿ ಎಂದು ಒಬ್ಬರನ್ನಾದರೂ ಕೂರಿಸಿಕೊಂಡು ಕೇಳಿದ್ದೆನೇ? ಇಲ್ಲ.

ಅದಾಗಿ ನಾಲ್ಕನೆಯ ದಿನ ಮೊಮ್ಮಗಳು ಹುಟ್ಟಿದಳು. ಎರಡು ವಾರ ನಾನು ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮತ್ತೆ ಹೋದಾಗ ಆ ಕಪ್ಪು ನೆಲದಲ್ಲಿ ಗೇಣುದ್ದದ ಹಸಿರು ಇತ್ತು. ಸುಡದೆ ಬಿಟ್ಟಿದ್ದ ಪಕ್ಕದ ಭಾಗ ಇನ್ನೂ ಬೆಳ್ಳಗೆ ಮಲಗಿತ್ತು.

ಎಕ್ಕದ ನೆಂಟ

ಜೂನ್‌ನಿಂದ ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ದಿನಾ ಹೋಗುತ್ತಿದ್ದೆ. ಆ ದಾರಿಯಲ್ಲಿ ಸೀರೆ, ಮೇಲೊಂದು ಸ್ವೆಟರ್, ಕಾಲಿಗೆ ಬಿಳಿಯ ಬೂಟು ತೊಟ್ಟ ಅಜ್ಜಿ ನಾನೊಬ್ಬಳೇ ಅಲ್ಲ. ತೆಲುಗಿನವರು, ಗುಜರಾತಿನವರು, ಒಬ್ಬರು ದಾವಣಗೆರೆಯವರು, ಎಲ್ಲರೂ ಬಾಣಂತನದ ಪಡೆ. ಬೇಸಗೆಯಲ್ಲಿ ಕನ್ನಡದವರ ಒಂದು ಪಿಕ್ನಿಕ್‌ನಲ್ಲಿ ಯಾರೋ, ‘ಏನೇನು ನೋಡಿದಿರಿ? ನಯಾಗರಾ ಆಯಿತೇ?’ ಎಂದು ಕೇಳಿದರು. ಹುಲ್ಲು ನೋಡಿದೆ ಎಂದೆ. ಅವರು ಪಾಪ, ಮಗಳು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಎಂದು ತಿಳಿದು ಮರುಕಪಟ್ಟರು.

ಜೌಗಿನ ಪಕ್ಕದ ತಿರುವಿನಲ್ಲಿ ಒಂದು ಹಕ್ಕಿ ನನ್ನ ಮೇಲೆ ಹಗೆ ಸಾಧಿಸುತ್ತಿತ್ತು. ಕರಿಮೈ, ಭುಜದ ಮೇಲೆ ಕುಂಕುಮ ಎರಚಿದ ಹಾಗೆ ಕೆಂಪು. ಜೊಂಡಿನ ಮೇಲೆ ಕೂತು ತುಕ್ಕುಹಿಡಿದ ಬಾಗಿಲ ಹಾಗೆ ಕಿರುಗುಟ್ಟಿ, ನಾನು ದಾಟಿ ಹೋದ ಕೂಡಲೇ ಹಿಂದಿನಿಂದ ಬಂದು ನೆತ್ತಿ ಕುಕ್ಕುತ್ತಿತ್ತು. ಗೂಡಿನ ಕಾವಲು. ಮೂರನೆಯ ದಿನದಿಂದ ತಲೆಯ ಮೇಲೆ ಅಳಿಯನ ಟೋಪಿ ಬಂತು. ಆ ಜೊಂಡನ್ನು ನಾನು ನಮ್ಮೂರ ಕೆರೆಯ ಕೋಡಿಯಲ್ಲಿ ಎಷ್ಟು ನೋಡಿಲ್ಲ! ಜೌಗು ಎಲ್ಲಿಯೂ ತನ್ನ ಭಾಷೆ ಬದಲಿಸುವುದಿಲ್ಲವೇನೋ: ಅದೇ ಜೊಂಡು, ಅದೇ ಜೇಕು, ಅದೇ ಕಪ್ಪೆ ವಟಗುಟ್ಟು. ಒಮ್ಮೆ ಉದ್ದ ಬಾಲದ ಗಿಡುಗವೊಂದು ಹುಲ್ಲಿನ ತುದಿಗೆ ಹೊಟ್ಟೆ ತಾಗುವಷ್ಟು ಕೆಳಗೆ, ಎಡಕ್ಕೆ ಬಲಕ್ಕೆ ಓಲಾಡುತ್ತಾ ಹೋಯಿತು. ಹ್ಯಾರಿಯರ್. ಇದರ ದಾಯಾದಿಗಳು ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ನಮ್ಮ ಬಯಲುಗಳಿಗೆ ಬರುತ್ತವೆ. ಅಲ್ಲಿಯ ಸ್ಟೆಪ್ಪಿಯಿಂದ ಹೊರಟು ಇಲ್ಲಿಯ ಕಾವಲಿಗೆ. ಹೊಂದಿಸಿ ಬರೆಯುವುದು ಆ ಹಕ್ಕಿಗೆ ಗೊತ್ತು.

ಇನ್ನೊಂದು ಗಿಡದ ಎಲೆ ಚಿವುಟಿದೆ, ಹಾಲು ಬಂತು. ಚಿವುಟಬಾರದಿತ್ತು, ಚಿವುಟಿದೆ. ಹೂಗೊಂಚಲು, ಆಮೇಲೆ ಬಂದ ಕೋಡಿನಂಥ ಕಾಯಿ, ಕಾಯಿಯೊಳಗಿನ ರೇಷ್ಮೆಕೂದಲು ಎಲ್ಲ ನಮ್ಮ ಎಕ್ಕದ್ದೇ. ಮಿಲ್ಕ್‌ವೀಡ್ ಎನ್ನುತ್ತಾರೆ, ಎಕ್ಕದ ಕುಟುಂಬವೇ. ಇದರ ಎಲೆ ತಿಂದು ಮೊನಾರ್ಕ್ ಚಿಟ್ಟೆ ವಿಷವಾಗಿ ಬದುಕುತ್ತದೆ, ನಮ್ಮ ಎಕ್ಕದ ಮೇಲೆ ಅದೇ ಕಿತ್ತಳೆ ಬಣ್ಣದ ಅದರ ಸೋದರಿ ಬದುಕುವ ಹಾಗೆ. ಜುಲೈನಲ್ಲಿ ದಿಕ್ಸೂಚಿ ಗಿಡ ಹೂ ಬಿಟ್ಟಿತು. ಸೂರ್ಯಕಾಂತಿಯಂಥ ಹಳದಿ ಹೂವು. ಬುಡದ ದೊಡ್ಡ ಎಲೆಗಳು ಮಾತ್ರ ಅಂಚನ್ನು ಉತ್ತರ ದಕ್ಷಿಣಕ್ಕೆ ತಿರುಗಿಸಿ ನಿಲ್ಲುತ್ತವೆ, ನಡುಹಗಲ ಬಿಸಿಲು ತಪ್ಪಿಸಿಕೊಳ್ಳಲು. ಭೂಗೋಳ ಕಲಿಸಿದವಳಿಗೆ ಇದಕ್ಕಿಂತ ಬೇಕೇ? ಮೊಬೈಲಿನ ದಿಕ್ಸೂಚಿ ತೆಗೆದು ಹತ್ತು ಗಿಡ ಪರೀಕ್ಷಿಸಿದೆ. ಎಂಟು ಪಾಸ್. ಇದರ ಬೇರು ಹದಿನೈದು ಅಡಿಯವರೆಗೂ ಇಳಿಯುತ್ತದಂತೆ. ಈ ಬೇರುಗಳು ಸಾವಿರಾರು ವರ್ಷ ಹುಟ್ಟಿ ಸತ್ತು ಕೊಳೆತೇ ಇಲ್ಲಿಯ ಮಣ್ಣು ಕಪ್ಪಾಗಿದೆ. ನಮ್ಮ ಎರೆಯ ಕಪ್ಪು ಕಲ್ಲಿನಿಂದ ಬಂದದ್ದು, ಇದು ಹುಲ್ಲಿನಿಂದ.

ಆಗಸ್ಟ್ ಹೊತ್ತಿಗೆ ‘ಏನೂ ಇಲ್ಲದ’ ಜಾಗದಲ್ಲಿ ನಾನು ಕಾಣಿಸುತ್ತಿರಲಿಲ್ಲ. ಹುಲ್ಲು ನನ್ನ ತಲೆಗಿಂತ ಎರಡು ಅಡಿ ಮೇಲಿತ್ತು.

ವರವು ಕಾವಲು

ಈಗ ಆ ಉತ್ತರ ಪತ್ರಿಕೆ. ಅರ್ಧವಾರ್ಷಿಕ ಪರೀಕ್ಷೆ, ಎಂಟನೆಯ ತರಗತಿ. ಪ್ರಶ್ನೆ: ಹುಲ್ಲುಗಾವಲುಗಳಿಗೆ ಎರಡು ಉದಾಹರಣೆ ಕೊಡಿ. ಕುರಿ ಕಾಯುವ ಮನೆಯ ಒಬ್ಬ ಹುಡುಗ ಬರೆದಿದ್ದ: 1. ವರವು ಕಾವಲು. 2. ಕುದಾಪುರ ಕಾವಲು. ನಾನು ಎರಡಕ್ಕೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಆ ಹುಡುಗ ವರ್ಷದಲ್ಲಿ ಮೂರು ತಿಂಗಳು ಮಂದೆಯ ಹಿಂದೆ ಹೋಗಿಬಿಡುತ್ತಿದ್ದ. ಮಾತು ಕಡಿಮೆ, ಪತ್ರಿಕೆ ಹಿಡಿದು ಅಧ್ಯಾಪಕರ ಕೊಠಡಿಗೆ ಬಂದದ್ದೇ ಆಶ್ಚರ್ಯ. ಯಾಕೆ ತಪ್ಪು ಎಂದು ಕೇಳಿದ. ‘ಪುಸ್ತಕದಲ್ಲಿ ಇರುವುದನ್ನು ಬರೆಯಬೇಕು’ ಎಂದೆ.

‘ಹಾಗಾದರೆ ಕಾವಲು ಏನು, ಮೇಡಂ?’

ಸಹೋದ್ಯೋಗಿಗಳು ನಕ್ಕರು. ನಾನು, ‘ಅದು ಸರ್ಕಾರದ ಬೀಳು’ ಎಂದು ಹೇಳಿ ಮುಂದಿನ ಪತ್ರಿಕೆ ತೆಗೆದುಕೊಂಡೆ. ಕೊಠಡಿಯ ಕಿಟಕಿಯಿಂದ ಆ ಕಾವಲು ಕಾಣುತ್ತಿತ್ತು. ಕಾಣುತ್ತಿತ್ತು ಎಂದರೆ, ಬಿಳಿಚಿದ ಹಳದಿಯ ಒಂದು ಪಟ್ಟಿ, ಅದರ ಮೇಲೆ ಆಕಾಶ.

ಅದೇ ಹುಡುಗ ಅದಕ್ಕೆ ಮುಂಚಿನ ಜುಲೈಯಲ್ಲಿ ನನ್ನ ಜೊತೆ ಆ ಕಾವಲಿಗೆ ಬಂದಿದ್ದ, ವನಮಹೋತ್ಸವಕ್ಕೆ. ನಲವತ್ತು ಮಕ್ಕಳು, ಒಂದು ಟ್ರ್ಯಾಕ್ಟರ್ ತುಂಬ ಅಕೇಶಿಯಾ ಸಸಿ. ಬೀಳು ನೆಲವನ್ನು ಹಸಿರು ಮಾಡೋಣ ಎಂದು ನಾನೇ ಬ್ಯಾನರ್ ಬರೆಸಿದ್ದೆ. ಉಳಿದವರು ಗುಂಡಿ ತೋಡುತ್ತಿದ್ದರೆ ಇವನು ಅಗೆದ ಮಣ್ಣಿನ ಜೊತೆ ಬಂದ ಹುಲ್ಲಿನ ಬುಡಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕೆ ಇಡುತ್ತಿದ್ದ. ಕೆಲಸಗಳ್ಳ ಎಂದುಕೊಂಡು ಹತ್ತಿರ ಹೋದೆ. ಅವನು ಹೇಳತೊಡಗಿದ: ಇದನ್ನು ಕುರಿ ಎಳೆಯದರಲ್ಲಿ ತಿನ್ನುತ್ತದೆ, ಹೂ ಬಿಟ್ಟ ಮೇಲೆ ಮೂಸುವುದಿಲ್ಲ. ಇದರ ಊಬು ಉಣ್ಣೆಯೊಳಗೆ ತಿರುಪಿನ ಹಾಗೆ ಹೊಕ್ಕು ಚರ್ಮ ತೂತು ಮಾಡುತ್ತದೆ, ಆ ಹೊತ್ತಿಗೆ ಮಂದೆಯನ್ನು ಬೇರೆ ಕಡೆ ಹೊಡೆಯಬೇಕು. ಇದು ಹಟ್ಟಿಯ ಮಾಡಿಗೆ. ಇದು ದನಕ್ಕೆ ಮಾತ್ರ, ಇದು ಬರಗಾಲದಲ್ಲಿ ಕೊನೆಗೆ ಉಳಿಯುವುದು. ಬೆರಳು ಮಡಿಸುತ್ತಾ ಹೇಳಿದ, ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದ. ನನಗೆ ನೆನಪಿರುವುದು ಆ ಕೈಗಳೇ. ಹೆಸರುಗಳನ್ನು ನಾನು ಕೇಳಿಸಿಕೊಳ್ಳಲಿಲ್ಲ. ‘ಸರಿ ಸರಿ, ಗುಂಡಿ ಆಳ ಮಾಡು’ ಎಂದೆ.

ಆ ಸಸಿಗಳಲ್ಲಿ ಬಹುಪಾಲು ಒಣಗಿದವು ಎಂಬುದನ್ನು ಈಗ ಸಂತೋಷದಿಂದ ಬರೆಯುತ್ತಿದ್ದೇನೆ.

ಉಂಗುರದೊಳಗಿನ ಹುಲ್ಲು

ನೇಪರ್‌ವಿಲ್‌ನಿಂದ ಅರ್ಧ ಗಂಟೆಯ ದಾರಿಯಲ್ಲಿ ಬಟೇವಿಯಾ ಎಂಬ ಊರು, ಅಲ್ಲಿ ಫರ್ಮಿಲ್ಯಾಬ್. ಕಣ ಭೌತಶಾಸ್ತ್ರದ ಅವರ ರಾಷ್ಟ್ರೀಯ ಪ್ರಯೋಗಾಲಯ, 6,800 ಎಕರೆ. ಒಂದು ಭಾನುವಾರ ಅಳಿಯ ಕರೆದುಕೊಂಡು ಹೋದ. ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋದರೆ ಎದುರಿಗೆ ಕಾಡೆಮ್ಮೆಯ ಮಂದೆ. ಕಾಡೆಮ್ಮೆ ಎಂದರೆ ಬೈಸನ್, ನಮ್ಮ ಕಾಟಿಯಲ್ಲ. 1969ರಲ್ಲಿ ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ ಒಂದು ಗೂಳಿ ನಾಲ್ಕು ಹಸು ತರಿಸಿದ. ವಿಕಿರಣ ಸೋರಿದರೆ ಮೊದಲು ಇವು ಬೀಳಲಿ ಎಂದು ಸಾಕಿದ್ದಾರೆ ಎಂದು ಸುತ್ತಲಿನ ಜನ ಪಿಸುಗುಟ್ಟುತ್ತಿದ್ದರಂತೆ. ಹಾಗೇನೂ ಇಲ್ಲ, ವಯೋಮಿಂಗ್‌ನ ಬಯಲಿನಲ್ಲಿ ಬೆಳೆದವನ ಆಸೆ ಅಷ್ಟೇ.

ಈ ಜಾಗವೂ ಹೊಲವಾಗಿತ್ತು. ರೈತರು ಜಮೀನು ಬಿಟ್ಟುಕೊಟ್ಟರು, ವೆಸ್ಟನ್ ಎಂಬ ಸಣ್ಣ ಊರೊಂದು ಭೂಪಟದಿಂದ ಅಳಿಸಿಹೋಯಿತು. ಅದನ್ನು ಮರೆಯಬಾರದು. ಆಮೇಲಿನದು ಹೀಗೆ: ರಾಬರ್ಟ್ ಬೆಟ್ಜ್ ಎಂಬ ಜೀವಶಾಸ್ತ್ರದ ಮೇಷ್ಟ್ರು ಹಳೆಯ ಸ್ಮಶಾನಗಳನ್ನೂ ರೈಲು ಹಳಿಯ ಅಂಚುಗಳನ್ನೂ ಅಲೆದು ಪ್ರೈರಿಯ ಗಿಡ ಹುಡುಕುತ್ತಿದ್ದ. ಸ್ಮಶಾನ ಯಾಕೆಂದರೆ ಹೆಣ ಹೂತ ನೆಲವನ್ನು ನೇಗಿಲು ಮುಟ್ಟಿರಲಿಲ್ಲ. ಆತ ವಿಲ್ಸನ್‌ನ ಬಳಿ ಹೋಗಿ, ಕಣಗಳನ್ನು ಓಡಿಸುವ ಯಂತ್ರವಾದ ವೇಗವರ್ಧಕದ ಉಂಗುರದೊಳಗೆ ಖಾಲಿ ಬಿದ್ದ ನೆಲದಲ್ಲಿ ಪ್ರೈರಿ ಬೆಳೆಸೋಣವೇ ಎಂದ. ಎಷ್ಟು ಕಾಲ ಬೇಕು ಎಂದರೆ, ಹತ್ತು ಇಪ್ಪತ್ತು ವರ್ಷ, ಇನ್ನೂ ಹೆಚ್ಚೂ ಆಗಬಹುದು ಎಂದನಂತೆ. ಹಾಗಿದ್ದರೆ ಇವತ್ತು ಮಧ್ಯಾಹ್ನವೇ ಶುರು ಮಾಡಬೇಕು ಎಂದು ವಿಲ್ಸನ್ ಹೇಳಿದ್ದು ಅಲ್ಲಿ ದಂತಕತೆಯಾಗಿದೆ. 1975ರಲ್ಲಿ ಸುಮಾರು ಹತ್ತು ಎಕರೆಗೆ ಬೀಜ ಬಿತ್ತಿದರು. ಈಗ ಸುಮಾರು ಸಾವಿರ ಎಕರೆ. ನಾಲ್ಕು ಮೈಲಿ ಸುತ್ತಳತೆಯ ಆ ಯಂತ್ರ 2011ರಲ್ಲಿ ನಿಂತುಹೋಯಿತು. ಹುಲ್ಲು ನಡೆದೇ ಇದೆ.

ಅಲ್ಲಿ ಒಂದು ಬೆಂಚಿನ ಮೇಲೆ ಕೂತು ನಾನು ಬಹಳ ಹೊತ್ತು ಏಳಲಿಲ್ಲ. ಮಂಡಿ ನೋವು ಎಂದುಕೊಂಡ ಅಳಿಯ ನೀರು ತಂದುಕೊಟ್ಟ. ನಾನು ಕೆಲಸದಲ್ಲಿದ್ದಾಗಲೇ ನಮ್ಮ ಕಾವಲುಗಳ ಸಾವಿರಾರು ಎಕರೆಯನ್ನು ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು, ಗೋಡೆ ಬಂತು. ಊರಿನವರು ಪ್ರತಿಭಟಿಸಿದರು, ನ್ಯಾಯಪೀಠದವರೆಗೆ ಹೋದರು. ಆಗ ನಾನು ಯಾವ ಕಡೆ ಇದ್ದೆ ಎಂದು ಕೇಳಿದರೆ, ಶಾಲೆಯಲ್ಲಿ ‘ನಮ್ಮೂರಿಗೆ ವಿಜ್ಞಾನ ಬಂತು’ ಎಂದು ಪ್ರಬಂಧ ಸ್ಪರ್ಧೆ ನಡೆಸಿದ್ದೆ. ಬಂದದ್ದೂ ನಿಜ, ಬೇಡವೆನ್ನುವಷ್ಟು ತಿಳಿವಳಿಕೆಗೇಡಿ ನಾನಲ್ಲ. ಅಲ್ಲಿ ಮೆಕ್ಕೆಜೋಳದ ಹೊಲದೊಳಗೆ ಸ್ಮಶಾನದ ಬೀಜ ತಂದು ವಿಜ್ಞಾನಿಗಳು ಹುಲ್ಲು ಎಬ್ಬಿಸುತ್ತಿದ್ದಾರೆ, ಇಲ್ಲಿ ತಾನಾಗಿ ಇದ್ದ ಹುಲ್ಲಿಗೆ ‘ಏನೂ ಇಲ್ಲ’ ಎಂದು ಕಡತದಲ್ಲಿ ಬರೆದವರು ನನ್ನಂಥ ಮೇಷ್ಟ್ರುಗಳ ಕೈಯಲ್ಲಿ ಓದಿದವರು. ಅವರೂ ಹೊಂದಿಸಿ ಬರೆದು ಐದಕ್ಕೆ ಐದು ಅಂಕ ತೆಗೆದುಕೊಂಡಿದ್ದಿರಬೇಕು. ಕಾವಲಿನ ದಾರಿ ಕಟ್ಟಾದ ಮೇಲೆ ಕೆಲವರು ಕುರಿ ಮಾರಿದರು. ಆ ಹುಡುಗ ಹತ್ತನೆಯ ತರಗತಿಗೆ ಬರಲಿಲ್ಲ. ಬೆಂಗಳೂರಿಗೆ ಹೋದ ಎಂದು ಯಾರೋ ಅಂದರು.

ಅಮೆರಿಕದವರನ್ನು ಹೊಗಳುವ ಉತ್ಸಾಹವೂ ನನಗಿಲ್ಲ. ಹತ್ತು ಸಾವಿರದಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತನ್ನು ಉತ್ತು ಮುಗಿಸಿ ಆಮೇಲೆ ಕಣ್ಣು ತೆರೆದವರು ಅವರು. ಬಿತ್ತಿ ಬೆಳೆಸಿದ ಪ್ರೈರಿಯಲ್ಲಿ ಐವತ್ತು ವರ್ಷದ ಮೇಲೂ ಹಳೆಯ ನೆಲದ ಎಲ್ಲ ಗಿಡಗಳು ಬಂದಿಲ್ಲವಂತೆ, ಕೆಲವಕ್ಕೆ ಮನಸ್ಸೇ ಇಲ್ಲ.

ಬೀಜ

ಸೆಪ್ಟೆಂಬರ್‌ನಲ್ಲಿ, ವಿಮಾನಕ್ಕೆ ಇನ್ನು ಹತ್ತು ದಿನ ಇರುವಾಗ, ಬೆಂಕಿಯ ದಿನ ಸಿಕ್ಕಿದ್ದ ಆ ಹೆಂಗಸು ಮತ್ತೆ ಸಿಕ್ಕಳು. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ಬಕೆಟ್ಟು. ಹತ್ತಾರು ಸ್ವಯಂಸೇವಕರು ಬೀಜ ಬಿಡಿಸುತ್ತಿದ್ದರು. ಬಾ ಎಂದು ನನಗೂ ಒಂದು ಬಕೆಟ್ಟು ಕೊಟ್ಟಳು. ದೊಡ್ಡ ನೀಲಿಕಾಂಡದ ಹುಲ್ಲು ನೇರಳೆಗೆ ತಿರುಗಿತ್ತು. ಅದರ ತೆನೆ ಮೂರು ಕವಲು, ಟರ್ಕಿ ಕೋಳಿಯ ಕಾಲು ಎನ್ನುತ್ತಾರೆ. ನನಗೆ ಬಡಕಲು ರಾಗಿತೆನೆಯ ಹಾಗೆ ಕಂಡಿತು. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೇಲಕ್ಕೆ ಎಳೆದರೆ ಬೀಜ ಕೈಗೆ ಬರುತ್ತದೆ. ಇದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ, ನಮ್ಮ ತಾಯಿ ಕಣದಲ್ಲಿ ಕಲಿಸಿದ್ದಳು. ‘ನೀನು ಮೊದಲು ಮಾಡಿದ್ದೀಯ’ ಎಂದಳು ಅವಳು. ಈ ಬೀಜಗಳನ್ನು ಚಳಿಗಾಲದಲ್ಲಿ ಹಿಮದ ಮೇಲೆಯೇ ಚೆಲ್ಲುತ್ತಾರಂತೆ. ಚಳಿ ತಿನ್ನದೆ ಇವುಗಳಲ್ಲಿ ಅನೇಕ ಮೊಳೆಯುವುದಿಲ್ಲ.

ಒಂದು ಗಂಟೆಯಲ್ಲಿ ನನ್ನ ಸೀರೆಯ ಅಂಚಿನ ತುಂಬ ಊಬು. ಬೆಂಚಿನ ಮೇಲೆ ಕೂತು ಒಂದೊಂದೇ ಕೀಳುತ್ತಿದ್ದೆ. ಅವಳೂ ಬಂದು ಕೂತಳು. ನಿವೃತ್ತ ನರ್ಸು, ನನಗಿಂತ ಆರು ವರ್ಷ ದೊಡ್ಡವಳು. ನಿಮ್ಮ ಕಡೆ ಇಂಥದ್ದು ಇದೆಯೇ ಎಂದು ಕೇಳಿದಳು. ಇದೆ ಎಂದೆ. ಮೊದಲ ಸಲ ಬಾಯಿ ಬಿಟ್ಟು ಹೇಳಿದೆ: ನಮ್ಮ ಶಾಲೆಯ ಕಿಟಕಿಯಿಂದಲೇ ಕಾಣುತ್ತದೆ.

ಅವಳು ಜೇಬಿನಿಂದ ಸಣ್ಣ ಪುಸ್ತಕ, ಪೆನ್ಸಿಲ್ ತೆಗೆದಳು. ನಿಮ್ಮ ಹುಲ್ಲುಗಳ ಹೆಸರು ಹೇಳು, ಬರೆದುಕೊಳ್ಳುತ್ತೇನೆ ಎಂದಳು. ಕರಡ ಎಂದೆ, ಅಕ್ಷರ ಬಿಡಿಸಿ ಹೇಳಿದೆ. ಬಾದೆ. ಗರಿಕೆ, ಇದು ನಮ್ಮ ಗಣಪತಿಗೆ ಎಂದು ಸೇರಿಸಿದೆ. ದರ್ಬೆ. ಜೇಕು ಎಂದು ಹೇಳಿ, ಕಾಂಡಕ್ಕೆ ಮೂರು ಮೂಲೆ ಇರುತ್ತದೆ ಎಂದು ಬೆರಳಲ್ಲಿ ಉಜ್ಜಿ ತೋರಿಸಿದೆ. ಅದು ಹುಲ್ಲಲ್ಲ, ಬೇರೆ ಕುಲ ಎಂದು ನಕ್ಕು, ಆದರೂ ಬರೆದುಕೊಂಡಳು. ಒಂದು ಕೈ ಮುಗಿದಿತ್ತು.

‘ಮತ್ತೆ?’ ಎಂದು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.